ಕಂದು ಬಳೆ: ಒಂಬತ್ತನೆಯ ಕಂತು – ಒಂದೇ ಥಾನಿನ ಗೀರು

“ಎರಡೂ ಒಂದೇ ಥಾನಿನ ಬಟ್ಟೆ,” ಅಂದರು ಯಜಮಾನರು.

ಕಿಟಕಿಯ ಬಳಿ ನಿಂತು, ಎರಡು ಕೈಯಲ್ಲೂ ಒಂದೊಂದು ಗಾಜಿನ ಸ್ಲೈಡು ಹಿಡಿದು, ಮಧ್ಯಾಹ್ನದ ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ಮೇಜಿನ ಮೇಲಿನ ಯಾವುದನ್ನೂ ಮುಟ್ಟಕೂಡದು ಎಂದು ಅತ್ತೆ ಬೆಳಿಗ್ಗೆಯೇ ಎರಡು ಸಲ ಹೇಳಿದ್ದಳು. ಎರಡು ಸಲ ಹೇಳಿದರೆ ಸಾಲದು ಎಂಬುದು ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿರಬೇಕಿತ್ತು.

“ಅದು ಬಟ್ಟೆಯಲ್ಲ, ಮನುಷ್ಯನ ಗಡ್ಡೆ,” ಅಂದಳು, ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ. “ಕೆಳಗಿಡಿ.”

“ಇಡ್ತೀನಮ್ಮ. ಅದೇನಾದ್ರೂ ಆಗಿರಲಿ, ಥಾನು ಮಾತ್ರ ಒಂದೇ.”

ಯಜಮಾನರು ನಲವತ್ತು ವರ್ಷ ದರ್ಜಿಯಾಗಿದ್ದವರು. ಹೊಲಿಗೆ ಬಿಟ್ಟ ಮೇಲೆ ಹೆಂಡತಿಯ ಕಾರು ಓಡಿಸುವುದು ಅವರ ಕೆಲಸ. ಓಡಿಸದೆ ಇದ್ದಾಗ ಅವಳ ಕೆಲಸದಲ್ಲಿ ಮೂಗು ತೂರಿಸುವುದು ಹವ್ಯಾಸ. ಆ ಮೂಗಿನಿಂದ ಈವರೆಗೆ ಯಾರಿಗೂ ಕೆಡುಕಾಗಿರಲಿಲ್ಲ.

ಇನ್ನು ಅತ್ತೆ ನಿಜವಾಗಿ ಯಾರಿಗೂ ಅತ್ತೆಯಲ್ಲ. ಮಕ್ಕಳಿಬ್ಬರಿಗೂ ಮದುವೆಯ ಯೋಚನೆಯೇ ಇಲ್ಲ. ಬೇರೆಯವರ ಸ್ಲೈಡುಗಳಲ್ಲಿ ತಪ್ಪು ಹುಡುಕುತ್ತ ಕೂದಲು ನರೆಸಿಕೊಂಡವಳಿಗೆ ಪ್ರಯೋಗಾಲಯಗಳೆಲ್ಲ ಸೇರಿ ಕೊಟ್ಟ ಪದವಿ ಅದು. ಎಲ್ಲಿ ಎರಡು ವರದಿಗಳು ಎರಡು ಮಾತಾಡುತ್ತವೋ ಅಲ್ಲಿಗೆ ತನಿಖಾ ಮಂಡಳಿ ಅವಳನ್ನು ಕಳಿಸುತ್ತಿತ್ತು.

ಇಲ್ಲಿಯೂ ಎರಡು ಸ್ಲೈಡು ಎರಡು ಮಾತಾಡಿದ್ದವು. ಗಣಿತದ ಮೇಷ್ಟ್ರೊಬ್ಬರ ಶ್ವಾಸಕೋಶದ ಗಡ್ಡೆಯ ಚೂರು ಅದು. ಮೊದಲ ಸ್ಲೈಡಿನ ಪ್ರಕಾರ ಹೊಸ ಔಷಧದ ಪ್ರಯೋಗದಲ್ಲಿ ಅವರಿಗೆ ಜಾಗ ಉಂಟು. ಎರಡನೆಯದರ ಪ್ರಕಾರ ಇಲ್ಲ. ಪಟ್ಟಿ ಮುಚ್ಚುವುದು ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಬೇರೆ ಔಷಧಗಳೆಲ್ಲ ಮೇಷ್ಟ್ರ ಮಟ್ಟಿಗೆ ಮುಗಿದಿದ್ದವು.

“ಯಾಕೆ ಒಂದೇ ಥಾನು ಅಂತೀರಿ?” ಅತ್ತೆ ಕೊನೆಗೆ ತಲೆಯೆತ್ತಿದಳು.

“ಬಾ ಇಲ್ಲಿ. ಈ ಗೀರು ಕಾಣ್ತದಾ? ಕೂದಲೆಳೆಯ ಹಾಗೆ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ. ಇದರಲ್ಲೂ ಅದೇ. ಮಗ್ಗದಲ್ಲಿ ಒಂದು ಎಳೆ ಕೆಟ್ಟಿದ್ರೆ ಇಡೀ ಥಾನಿಗೆ ಅದೇ ಜಾಗದಲ್ಲಿ ಗೆರೆ ಓಡ್ತದೆ. ಅಂಗಿ ಹೊಲಿ, ಚಡ್ಡಿ ಹೊಲಿ, ಆ ಗೆರೆ ಬಿಡಲ್ಲ. ಗಿರಾಕಿ ಬಂದು ಇದು ಬೇರೆ ಬಟ್ಟೆ ಅಂದ್ರೆ ನಾನು ಗೆರೆ ತೋರಿಸ್ತಿದ್ದೆ.”

ಅತ್ತೆ ಸ್ಲೈಡುಗಳನ್ನು ಅವರ ಕೈಯಿಂದ ತೆಗೆದುಕೊಂಡಳು. ಗೀರು ಅವಳಿಗೂ ಕಂಡಿತ್ತು. ಎರಡರಲ್ಲಿಯೂ ಕಂಡಿತ್ತು. ಕಂಡದ್ದನ್ನು ಮನಸ್ಸು ಬದಿಗೆ ಸರಿಸಿತ್ತು, ಏಕೆಂದರೆ ಸ್ಲೈಡು ನೋಡುವವರು ಗೀರು ನೋಡುವುದಿಲ್ಲ. ಗೀರಿನ ಆಚೆಯ ಕೋಶ ನೋಡುತ್ತಾರೆ. ಕಿಟಕಿಯ ಗಾಜಿನ ಕಲೆಯನ್ನು ಬಿಟ್ಟು ಬೀದಿ ನೋಡುವ ಹಾಗೆ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಬ್ಲೇಡಕ್ಕ ನಿಧಾನವಾಗಿ ನೆಟ್ಟಗಾದಳು.

ಬ್ಲೇಡಕ್ಕ ಆ ಪ್ರಯೋಗಾಲಯದ ಹಿರಿಯ ಟೆಕ್ನೀಷಿಯನ್. ಅವಳ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು. ಬ್ಲೇಡು ಅಂದದ್ದು ಅವಳು ಕೂತ ಯಂತ್ರಕ್ಕೆ. ಮೇಣದಲ್ಲಿ ಹುದುಗಿಸಿದ ಗಡ್ಡೆಯ ಚೂರನ್ನು ಪದರಪದರವಾಗಿ ಕತ್ತರಿಸಿ ಗಾಜಿನ ಮೇಲೆ ಕೂರಿಸುವುದು ಅವಳ ಕಸುಬು. ಒಂದು ಕೂದಲನ್ನು ಹದಿನೈದು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು ತೆಳು ಪದರ. ಹಾಗೆ ಮೂವತ್ತು ವರ್ಷ ಕತ್ತರಿಸಿದ್ದಳು. ಮೂರು ವಾರದಿಂದ ಯಂತ್ರ ಮುಟ್ಟುವ ಹಾಗಿರಲಿಲ್ಲ.

ಕಾರಣ, ಗಣಿತದ ಮೇಷ್ಟ್ರು ಅವಳ ಒಡಹುಟ್ಟಿದ ಅಣ್ಣ. ಮೊದಲ ಸ್ಲೈಡು ಕತ್ತರಿಸಿದ ಕೈ ಅವಳದು. ಅಣ್ಣನನ್ನು ಪಟ್ಟಿಗೆ ಸೇರಿಸಲು ಯಾರದೋ ಗಡ್ಡೆಯ ಸ್ಲೈಡಿಗೆ ಅಣ್ಣನ ಸಂಖ್ಯೆ ಹಾಕಿದ್ದಾಳೆ ಎಂದು ಎರಡನೆಯ ಸ್ಲೈಡು ಬಂದ ದಿನವೇ ಮಾತು ಹುಟ್ಟಿತ್ತು. ಬಾಯಿಂದ ಬಾಯಿಗೆ ಹೋಗಿ ಅದು ಕೊಬ್ಬಿತ್ತು.

ಬೆಳಿಗ್ಗೆ ಒಂಬತ್ತರಿಂದ ಅವಳು ಆ ಕುರ್ಚಿಯಲ್ಲಿದ್ದಳು. ಊಟದ ಹೊತ್ತಿಗೆ ಯಜಮಾನರು ತಮ್ಮ ಡಬ್ಬಿ ಬಿಚ್ಚಿ, ಒಂದು ಪಾಲು ಅವಳ ಮುಂದೆ ಇಟ್ಟು, ನಮ್ಮ ಮನೆಯಾಕೆ ಉಪ್ಪು ಕಡಿಮೆ ಹಾಕ್ತಾಳೆ, ಕೋಪ ಮಾಡ್ಕೋಬೇಡಿ ಎಂದು ಸಮಾಧಾನ ಹೇಳಿದ್ದರು. ಬ್ಲೇಡಕ್ಕ ತಿಂದಿದ್ದಳು. ಮೂರು ವಾರದಲ್ಲಿ ಯಾರಾದರೂ ಅವಳೊಡನೆ ಉಪ್ಪಿನ ಮಾತಾಡಿದ್ದು ಅದೇ ಮೊದಲಿರಬೇಕು.

ಅತ್ತೆ ಮೊದಲ ಸ್ಲೈಡನ್ನು ಮಸೂರದ ಕೆಳಗಿಟ್ಟಳು.

ಅದು ನೋಡಲು ಚೆನ್ನಾಗಿತ್ತು. ಗಡ್ಡೆಯನ್ನು ಚೆನ್ನಾಗಿದೆ ಅನ್ನಬಾರದು, ಆದರೆ ಅವಳಿಗೆ ಯಾವಾಗಲೂ ಹಾಗೇ ಅನ್ನಿಸುತ್ತಿತ್ತು. ನೀಲಿ ಕೋಶಗಳು ಒತ್ತೊತ್ತಾಗಿ ನಿಂತಿದ್ದವು. ಒಂದೊಂದರ ಸುತ್ತಲೂ ಕಂದು ಬಳೆ. ಹೊಸ ಔಷಧ ಗುರಿಯಿಡುವ ಪ್ರೋಟೀನು ಇದ್ದಲ್ಲಿ ಬಣ್ಣ ಹಾಗೆ ಕಚ್ಚುತ್ತದೆ. ನೂರರಲ್ಲಿ ಎಪ್ಪತ್ತಕ್ಕೆ ಬಳೆಯಿತ್ತು.

ಬೆಳಿಗ್ಗೆ ಯಜಮಾನರು ಈ ಬಳೆಯ ವಿಷಯ ಕೇಳಿದಾಗ ಬ್ಲೇಡಕ್ಕ ತನ್ನ ಆ ದಿನದ ಹತ್ತು ಮಾತನ್ನೂ ಅದಕ್ಕೇ ಖರ್ಚು ಮಾಡಿದ್ದಳು. ಈ ಪ್ರೋಟೀನು ಕೋಶದ ಹೊರಪೊರೆಯ ಮೇಲೆ ನಿಂತಿರುತ್ತದೆ. ಮೈಯೊಳಗೆ ಗಸ್ತು ತಿರುಗುವ ರಕ್ಷಕ ಕೋಶ ಹತ್ತಿರ ಬಂದರೆ ಅದರ ಕೈ ಹಿಡಿದು, ಇಲ್ಲಿ ಜಗಳ ಬೇಡ, ಮುಂದೆ ಹೋಗು ಎನ್ನುತ್ತದೆ. ಅದು ಕೆಟ್ಟದ್ದೇನಲ್ಲ, ಹಾಗೆ ತಡೆಯುವವರು ಇಲ್ಲದಿದ್ದರೆ ರಕ್ಷಕರು ಸ್ವಂತ ಮನೆಯ ಗೋಡೆಯನ್ನೇ ಒಡೆಯುತ್ತಾರೆ. ಗಡ್ಡೆಯ ಕೋಶಗಳು ಮಾತ್ರ ಅದನ್ನೇ ಮೈತುಂಬ ಹೊತ್ತುಕೊಂಡು, ಬಂದವರನ್ನೆಲ್ಲ ಅದೇ ಮಾತಿನಲ್ಲಿ ಸಾಗಹಾಕುತ್ತವೆ. ಹೊಸ ಔಷಧ ಆ ಪ್ರೋಟೀನಿನ ಬಾಯಿ ಮುಚ್ಚುತ್ತದೆ. ಆಗ ರಕ್ಷಕ ಕೋಶಕ್ಕೆ ತನ್ನ ಕೆಲಸ ನೆನಪಾಗುತ್ತದೆ.

ಗಡ್ಡೆಯ ಮೇಲೆ ಪ್ರೋಟೀನೇ ಇಲ್ಲದಿದ್ದರೆ ಮುಚ್ಚಲು ಬಾಯಿಯೇ ಇಲ್ಲ. ಅದಕ್ಕೇ ನಿಯಮ: ನೂರರಲ್ಲಿ ಐವತ್ತು ಕೋಶಕ್ಕಾದರೂ ಬಳೆ ಇರಬೇಕು.

ಅತ್ತೆ ಎರಡನೆಯ ಸ್ಲೈಡು ಇಟ್ಟಳು. ಅವೇ ನೀಲಿ ಕೋಶಗಳು, ಬರಿಗೈ. ಅಲ್ಲೊಂದು ಇಲ್ಲೊಂದು ಮಸುಕು ಬಳೆ, ನೂರಕ್ಕೆ ನಾಲ್ಕೈದು.

ಈ ಸಲ ಅವಳು ಕೋಶ ನೋಡಲಿಲ್ಲ. ಗೀರು ನೋಡಿದಳು.

ಹತ್ತಿರದಿಂದ ಅದು ಒಂದು ಗೀರಲ್ಲ, ಎರಡು. ಒಂದು ದಪ್ಪ, ಅದರ ಎಡಕ್ಕೆ ಅಂಟಿಕೊಂಡಂತೆ ಒಂದು ಸಣ್ಣದು. ನಡುವಿನ ಅಂತರ ಅಳೆದಳು. ಮೊದಲ ಸ್ಲೈಡಿಗೆ ಹೋಗಿ ಅಳೆದಳು. ಮತ್ತೆ ಎರಡನೆಯದಕ್ಕೆ ಬಂದಳು. ಮೂರು ಸಲ ಓಡಾಡಿದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುವಂಥದ್ದೇನೂ ಗಾಜಿನ ಮೇಲೆ ಇರಲಿಲ್ಲ. ಒಳಗೆ ಏನೋ ಹಿತವಾಗಿ ಜಾಗಕ್ಕೆ ಕೂತಿತ್ತು, ಅದನ್ನು ಒಂದು ನಿಮಿಷ ಹಾಗೇ ಇಟ್ಟುಕೊಳ್ಳಬೇಕು ಅನ್ನಿಸಿತು.

“ಗೀರು ಯಾಕೆ ಬೀಳ್ತದೆ?” ಎಂದು ಬ್ಲೇಡಕ್ಕನನ್ನು ಕೇಳಿದಳು. ಉತ್ತರ ಗೊತ್ತಿತ್ತು, ಅವಳ ಬಾಯಿಂದಲೇ ಬರಬೇಕಿತ್ತು.

“ಬ್ಲೇಡಿನ ಅಂಚಿಗೆ ಏಟಾಗಿದ್ರೆ.”

“ಒಂದು ಬ್ಲೇಡು ಎಷ್ಟು ದಿನ ಬರ್ತದೆ?”

“ದಿನವೆಲ್ಲಿ ಬಂತು? ಒಂದು ಸಲ ಕೂತರೆ ಒಂದು ಬ್ಲೇಡು. ಎದ್ದಾಗ ಡಬ್ಬಿಗೆ. ಆ ಡಬ್ಬಿಗೆ ಬಾಯಿ ಉಂಟು, ಹೊಟ್ಟೆಯಿಂದ ಹೊರಗೆ ಬರೋ ದಾರಿ ಇಲ್ಲ.”

“ಮೊದಲನೇ ಸ್ಲೈಡು ಕತ್ತರಿಸಿದ್ದು?”

“ಎಂಟು ತಿಂಗಳಾಯ್ತು.”

ಅತ್ತೆ ಗೋಡೆಯ ಗಡಿಯಾರ ನೋಡಿದಳು. ಎರಡೂವರೆ. ಅಳಿಯ ಡಾಕ್ಟರನ್ನು ಕರೆಯಲು ಹೇಳಿ ಕಳಿಸಿದಳು.

ಅವರನ್ನು ಅಳಿಯ ಡಾಕ್ಟರು ಎನ್ನುತ್ತಿದ್ದುದು ಅವರು ಸಂಸ್ಥೆಯ ಮುಖ್ಯಸ್ಥೆ ದೊಡ್ಡ ಡಾಕ್ಟರ ಅಳಿಯ ಆದ್ದರಿಂದ. ಬುದ್ಧಿವಂತರು, ಸೌಮ್ಯ ಸ್ವಭಾವ, ಮಾತಿಗೆ ಮೊದಲು ಕತ್ತಿನ ಪಟ್ಟಿ ಸರಿಮಾಡಿಕೊಳ್ಳುವ ಅಭ್ಯಾಸ. ಎರಡನೆಯ ಸ್ಲೈಡು ಮಾಡಿ, ಓದಿ, ವರದಿ ಬರೆದವರು ಅವರೇ. ಹಿಂದೆಯೇ ದೊಡ್ಡ ಡಾಕ್ಟರೂ ಬಂದು ಬಾಗಿಲಿಗೊರಗಿ ನಿಂತರು. ಅವರ ಫೋನು ಬೆಳಿಗ್ಗೆಯಿಂದ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ಅತ್ತೆ ಕುರ್ಚಿ ತೋರಿಸಿದಳು. ಅಳಿಯ ಡಾಕ್ಟರು ಕೂತರು, ಕತ್ತಿನ ಪಟ್ಟಿ ಮುಟ್ಟಿಕೊಂಡರು.

“ಹೋದ ತಿಂಗಳು ಒಂದು ಮಂಗಳವಾರ ಈ ಎರಡನೇ ಸ್ಲೈಡು ಕತ್ತರಿಸಿದ್ದು ನೀವೇನಾ?”

“ನಾನೇ. ಅವರ ಅಣ್ಣನದು ಅಂತ ಗೊತ್ತಾದ ಮೇಲೆ ಅವರ ಕೈಲಿ ಕತ್ತರಿಸೋ ಹಾಗಿರಲಿಲ್ಲ.”

“ಮೇಣದ ಬಿಲ್ಲೆಯಿಂದ, ಹೊಸದಾಗಿ?”

“ಹೊಸದಾಗಿ.”

“ಹೊಸ ಬ್ಲೇಡಲ್ಲಿ?”

“ಯಾವಾಗ್ಲೂ ಹೊಸದೇ ಹಾಕೋದು.”

“ಹಾಗಾದ್ರೆ ಎಂಟು ತಿಂಗಳ ಹಿಂದೆ ಡಬ್ಬಿಗೆ ಬಿದ್ದ ಬ್ಲೇಡಿನ ಏಟು ನಿಮ್ಮ ಹೊಸ ಬ್ಲೇಡಿಗೆ ಎಲ್ಲಿಂದ ಬಂತು, ಡಾಕ್ಟರೇ?”

ಮೂಲೆಯಲ್ಲಿ ಪದರಗಳನ್ನು ತೇಲಿಬಿಡುವ ಬಿಸಿನೀರಿನ ತಟ್ಟೆ ಸಣ್ಣಗೆ ಗುನುಗುತ್ತಿತ್ತು. ಮೂರು ವಾರದಿಂದ ಉಪಯೋಗವಿಲ್ಲದಿದ್ದರೂ ಯಾರೋ ಅದನ್ನು ದಿನವೂ ಹಚ್ಚುತ್ತಿದ್ದರು.

ಅತ್ತೆ ಸ್ಲೈಡುಗಳನ್ನು ಒಂದರ ಮೇಲೊಂದು ಇಟ್ಟು ಅವರ ಮುಂದೆ ಹಿಡಿದಳು. ಎರಡು ಗೀರು ಒಂದೇ ಗೀರಾಯಿತು.

ಅಳಿಯ ಡಾಕ್ಟರು ಬಹಳ ಹೊತ್ತು ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ದನಿ ಏರಿಸುತ್ತಿದ್ದರು. ಇವರ ದನಿ ಇಳಿಯಿತು.

“ನನಗೆ ಕತ್ತರಿಸೋಕೆ ಬರಲ್ಲ,” ಅಂದರು.

“ಜೋರಾಗಿ ಹೇಳಿ,” ಅಂದರು ಬಾಗಿಲಲ್ಲಿದ್ದ ದೊಡ್ಡ ಡಾಕ್ಟರು.

“ಕತ್ತರಿಸೋಕೆ ಬರಲ್ಲ, ಅತ್ತೆ,” ಎಂದು ಬಾಗಿಲ ಕಡೆ ತಿರುಗಿದರು. “ಓದೋಕೆ ಬರ್ತದೆ. ಹನ್ನೊಂದು ವರ್ಷದಿಂದ ಬರದೇ ಇರೋದನ್ನ ಮುಚ್ಚಿಟ್ಟುಕೊಂಡು ಬಂದೆ.”

ಉಳಿದದ್ದು ತಡೆತಡೆದು ಬಂತು. ಆ ಮಂಗಳವಾರ ಕೆಳಗಿನ ಪಾಠದ ಕೋಣೆಗೆ ಹೋಗಿ, ಅಲ್ಲಿನ ಹಳೆಯ ಯಂತ್ರಕ್ಕೆ ಬಿಲ್ಲೆ ಕೂರಿಸಿದ್ದರು, ಇಲ್ಲಿ ಎಲ್ಲರ ಎದುರು ಬೇಡವೆಂದು. ಮೂರು ಪದರ ಕತ್ತರಿಸಿದರು. ಮೂರೂ ಸುರುಳಿ ಸುತ್ತಿಕೊಂಡು ಹರಿದವು. ಒಬ್ಬ ರೋಗಿಯ ಗಡ್ಡೆಯ ಚೂರು, ಮತ್ತೆ ಸಿಗುವಂಥದ್ದಲ್ಲ. ಇನ್ನೂ ಹಾಳುಮಾಡಲು ಧೈರ್ಯ ಬರಲಿಲ್ಲ. ಬಿಲ್ಲೆಯನ್ನು ವಾಪಸು ಕೊಟ್ಟು ಮೇಲೆ ಬಂದಾಗ ಬ್ಲೇಡಕ್ಕನ ಮೇಜಿನ ಸೆಳೆಖಾನೆಯಲ್ಲಿ ಅದೇ ಸಂಖ್ಯೆಯ ಸ್ಲೈಡುಗಳು ಸಾಲಾಗಿ ಕಂಡವು. ಬಣ್ಣ ಹಾಕದ ಬಿಳಿ ಸ್ಲೈಡುಗಳು. ಮೊನ್ನೆಮೊನ್ನೆ ಕತ್ತರಿಸಿಟ್ಟದ್ದು ಎಂದುಕೊಂಡು ಒಂದನ್ನು ತೆಗೆದುಕೊಂಡರು.

ಅತ್ತೆಗೆ ಮುಂದಿನದು ಹೇಳಬೇಕಾಗಿರಲಿಲ್ಲ. ಕತ್ತರಿಸಿ ಬಣ್ಣ ಹಾಕದೆ ಇಟ್ಟ ಪದರ ಗಾಳಿಗೆ ತೆರೆದುಕೊಂಡಿರುತ್ತದೆ. ಪೊರೆಯ ಮೇಲಿನ ಈ ಪ್ರೋಟೀನು ನಾಜೂಕಿನದು; ಎರಡು ತಿಂಗಳು ತಡೆಯುತ್ತದೆ, ಆಮೇಲೆ ಬಾಡುತ್ತ ಹೋಗುತ್ತದೆ. ಎಂಟು ತಿಂಗಳಿಗೆ ಬಣ್ಣಕ್ಕೆ ಕಚ್ಚಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮೇಷ್ಟ್ರ ಗಡ್ಡೆಗೆ ಬಳೆ ಇತ್ತು. ಬಳೆ ಕಳೆದುಕೊಂಡದ್ದು ಸೆಳೆಖಾನೆಯಲ್ಲಿದ್ದ ಗಾಜು.

“ನಿಮಗೆ ಇದು ಗೊತ್ತಿಲ್ಲದ ವಿಷಯವಾ?” ಎಂದು ಕೇಳಿದಳು.

“ಗೊತ್ತು. ಎಂಟು ತಿಂಗಳಿನದು ಅನ್ನೋದು ಗೊತ್ತಿರಲಿಲ್ಲ. ತಾರೀಖು ಇರಲಿಲ್ಲ ಅದರ ಮೇಲೆ.”

ಎಲ್ಲರೂ ಬ್ಲೇಡಕ್ಕನ ಕಡೆ ತಿರುಗಿದರು.

ಅವಳು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಬಿಲ್ಲೆಯನ್ನು ಒಂದೊಂದು ಸಲ ಯಂತ್ರಕ್ಕೆ ಹಾಕಿ ಮಟ್ಟ ಮಾಡುವಾಗಲೂ ಒಂದಷ್ಟು ಗಡ್ಡೆ ವ್ಯರ್ಥವಾಗುತ್ತದೆ ಎಂದು ವಿವರಿಸಿದಳು. ಅದಕ್ಕೇ ಹಾಕಿದಾಗಲೇ ಹತ್ತು ಪದರ ಹೆಚ್ಚಿಗೆ ತೆಗೆದಿಡುವುದು ಅವಳ ಪದ್ಧತಿ. ಪೆನ್ಸಿಲಿನಲ್ಲಿ ಸಂಖ್ಯೆ ಮಾತ್ರ ಬರೆಯುತ್ತಾಳೆ. ಯಾವುದು ಯಾವಾಗಿನದು ಎಂದು ತಲೆಯಲ್ಲೇ ಇರುತ್ತದೆ. ಮೂವತ್ತು ವರ್ಷದಲ್ಲಿ ಒಂದೂ ಮರೆತಿಲ್ಲ.

“ನಿಮ್ಮ ತಲೆ ಸೆಳೆಖಾನೆಯಲ್ಲಿ ಇರಲಿಲ್ಲವಲ್ಲ,” ಅಂದಳು ಅತ್ತೆ.

“ಇರಲಿಲ್ಲ.”

ಒಬ್ಬಳು ಗಡ್ಡೆ ಉಳಿಸಲೆಂದು ಹೆಚ್ಚಿಗೆ ಕತ್ತರಿಸಿಟ್ಟಿದ್ದಳು. ಇನ್ನೊಬ್ಬರು ಗಡ್ಡೆ ಉಳಿಸಲೆಂದು ಅದನ್ನೇ ಬಳಸಿದ್ದರು. ಇಬ್ಬರ ಜೋಪಾನವೂ ಸೇರಿ ಒಬ್ಬ ಮನುಷ್ಯನನ್ನು ಪಟ್ಟಿಯಿಂದ ಹೊರಗೆ ಹಾಕಿತ್ತು. ಇಷ್ಟು ಒಳ್ಳೆಯ ಅಭ್ಯಾಸಗಳಿಂದ ಆದ ಇಷ್ಟು ಕೆಟ್ಟ ಕೆಲಸವನ್ನು ಅತ್ತೆ ಈಚೆಗೆ ಕಂಡಿರಲಿಲ್ಲ.

ದೊಡ್ಡ ಡಾಕ್ಟರು ಒಳಗೆ ಬಂದು ಬ್ಲೇಡಕ್ಕನ ಎದುರು ನಿಂತರು. ಮೂರು ವಾರದ ಹಿಂದೆ ಅವಳನ್ನು ಯಂತ್ರದಿಂದ ಎಬ್ಬಿಸಿದ ಮಾತು ಅವರದೇ. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಹೆಂಗಸು. ಆ ಬಿಸಿನೀರಿನ ತಟ್ಟೆಯನ್ನು ದಿನಾ ಹಚ್ಚುತ್ತಿದ್ದುದು ತಾನೇ ಎಂದು ಹೇಳಿ, ಇದೇನು ಹೇಳಿದೆ ಎಂಬಂತೆ ಕಿಟಕಿಯ ಕಡೆ ನೋಡಿದರು.

ಬ್ಲೇಡಕ್ಕ ನಕ್ಕಳು. ಸಣ್ಣ ನಗು, ಆದರೆ ಪೂರ್ತಿ ನಗು.

“ಪಾಪ, ಇವರನ್ನ ಬೈಬೇಡಿ,” ಅಂದರು ಯಜಮಾನರು, ಅಳಿಯ ಡಾಕ್ಟರ ಬೆನ್ನು ತಟ್ಟಿ. “ಮನೆಯಲ್ಲೊಬ್ಬರು ಅತ್ತೆ, ಇಲ್ಲೊಬ್ಬಳು ಅತ್ತೆ. ನಾನಾಗಿದ್ರೆ ಮಂಗಳವಾರವೇ ಓಡಿಹೋಗ್ತಿದ್ದೆ.”

ಅಳಿಯ ಡಾಕ್ಟರಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕತ್ತರಿಸಲು ಕಲಿಸುತ್ತೀರಾ ಎಂದು ಬ್ಲೇಡಕ್ಕನನ್ನು ಕೇಳಿದರು. ಹನ್ನೊಂದು ವರ್ಷ ತಡವಾಗಿ ಕೇಳುತ್ತಿದ್ದೀರಿ, ನಾಳೆ ಎಂಟಕ್ಕೆ ಬನ್ನಿ ಎಂದಳು.

ಯಜಮಾನರು ಎಲ್ಲರಿಗೂ ಕಾಫಿ ತಂದರು. ಲೋಟಗಳನ್ನು ಎಲ್ಲಿಂದ ಸಂಪಾದಿಸಿದರೋ, ಒಂದರಂತೆ ಒಂದಿರಲಿಲ್ಲ. ಕೆಳಗೆ ಮೇಷ್ಟ್ರು ಬೆಂಚಿನ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾರೆ, ಕಾಫಿ ಬೇಕಾ ಎಂದರೆ ಇನ್ನು ಹದಿನಾಲ್ಕು ಉಳಿದಿದೆ ಆಮೇಲೆ ಕುಡಿಯುತ್ತೇನೆ ಎಂದರು, ಎಂದು ವರದಿ ಒಪ್ಪಿಸಿದರು.

“ಅವನು ಹಾಗೇ,” ಅಂದಳು ಬ್ಲೇಡಕ್ಕ. ಅಣ್ಣನ ಮಾತು ಬಂದಾಗ ಅವಳ ದನಿ ಮೆತ್ತಗಾಗುತ್ತಿತ್ತು. “ಈ ಗಲಾಟೆ ಶುರುವಾದ ದಿನ ಏನಂದ ಗೊತ್ತಾ? ನನ್ನ ಹೆಸರು ಪಟ್ಟಿಯಿಂದ ಹೊಡೆದು ಹಾಕು, ನಿನ್ನ ಹೆಸರು ಕೆಡೋದು ಬೇಡ ಅಂದ. ನಾನು ಬಾಯಿ ಮುಚ್ಚು ಅಂದೆ.”

ಅತ್ತೆ ಕಾಫಿ ಕುಡಿದು ಮುಗಿಸಿದಳು. ಕೆಲಸ ಇನ್ನೂ ಆಗಿರಲಿಲ್ಲ. ಗೀರಿನಿಂದ ಬ್ಲೇಡಕ್ಕನ ಮೇಲಿನ ಮಾತು ತೊಳೆದುಹೋಯಿತು, ಸರಿ. ಆದರೆ ಪಟ್ಟಿಯವರು ಎಂಟು ತಿಂಗಳ ಹಳೆಯ ಓದನ್ನು ಒಪ್ಪುವುದಿಲ್ಲ; ಈ ತಿಂಗಳು ಕತ್ತರಿಸಿದ ಒಂದು ತಾಜಾ ಪದರ ಕೇಳುತ್ತಾರೆ. ಬಣ್ಣ ಹಾಕಲು ನಾಲ್ಕು ಗಂಟೆ ಬೇಕು. ಈಗ ಮೂರೂವರೆ. ಹೊತ್ತಿದೆ.

ಕತ್ತರಿಸುವವರು ಯಾರು ಎಂಬ ಪ್ರಶ್ನೆ ಬಂತು. ನಿಯಮದ ಪುಸ್ತಕ ತೆಗೆಸಿದರು. ಸಂಬಂಧಿಕರು ಓದಬಾರದು ಎಂದಿತ್ತು. ಕತ್ತರಿಸುವವರ ಮಾತೇ ಅದರಲ್ಲಿ ಇರಲಿಲ್ಲ. ಪುಸ್ತಕ ಬರೆದವರೆಲ್ಲ ಓದುವ ಕಡೆಯ ಜನ. ತಾನೂ ದೊಡ್ಡ ಡಾಕ್ಟರೂ ಎರಡು ಪಕ್ಕ ನಿಂತು ನೋಡುವುದಾದರೆ ಬ್ಲೇಡಕ್ಕ ಕತ್ತರಿಸಬಹುದು ಎಂದು ಅತ್ತೆ ತೀರ್ಮಾನ ಕೊಟ್ಟಳು.

ಬ್ಲೇಡಕ್ಕ ಎದ್ದಳು. ಮೊಣಕೈವರೆಗೆ ಕೈ ತೊಳೆದುಕೊಂಡಳು. ಯಂತ್ರದ ಮೇಲಿನ ಹೊದಿಕೆ ತೆಗೆದು ಮಡಚಿ ಇಟ್ಟಳು. ಹೊಸ ಬ್ಲೇಡು ಬಿಚ್ಚಿ ಬೆಳಕಿಗೆ ಹಿಡಿದು ಅಂಚು ನೋಡಿದಳು, ಒಪ್ಪಿಗೆಯಾಗದೆ ಇನ್ನೊಂದು ಬಿಚ್ಚಿದಳು. ಅವಳ ಭುಜಗಳಿಗೆ ಹಳೆಯ ಆಕಾರ ಮರಳಿ ಬರುತ್ತಿರುವುದನ್ನು ಅತ್ತೆ ನೋಡುತ್ತ ಕೂತಳು. ಇಂಥ ಹೊತ್ತಿಗೋಸ್ಕರ ಈ ಕೆಲಸ ಮಾಡಬಹುದು ಅನ್ನಿಸಿತು.

ಬಿಲ್ಲೆ ತರಲು ದಾಸ್ತಾನಿನವರಿಗೆ ಹೇಳಿ ಕಳಿಸಿದ್ದರು. ಮೇಣದ ಬಿಲ್ಲೆಗಳ ಕೋಣೆ ಕೆಳಗೆ, ಪಾಠದ ಕೋಣೆಯ ಪಕ್ಕ. ವಯಸ್ಸಾದ ಮನುಷ್ಯ, ಮೆಟ್ಟಿಲು ಹತ್ತಿ ಬಂದು, ಏದುಸಿರಿನಲ್ಲೇ ಬಿಲ್ಲೆಯನ್ನು ಅತ್ತೆಯ ಅಂಗೈಗೆ ಹಾಕಿದರು.

ಬೆಂಕಿಪೊಟ್ಟಣಕ್ಕಿಂತ ಸಣ್ಣದು, ಬಿಳಿಯ ಮೇಣ. ಅತ್ತೆ ಅದನ್ನು ಬ್ಲೇಡಕ್ಕನಿಗೆ ಕೊಡಲು ಕೈ ಚಾಚಿದವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಬಿಲ್ಲೆ ತಣ್ಣಗಿತ್ತು.

“ಇದನ್ನ ತಂಪಲ್ಲಿ ಇಡ್ತೀರಾ?” ಎಂದು ದಾಸ್ತಾನಿನವರನ್ನು ಕೇಳಿದಳು.

ಅವರು ಇಲ್ಲವೆಂದರು. ಮರದ ಸೆಳೆಖಾನೆ. ಬೇಸಿಗೆಯಲ್ಲಿ ಫ್ಯಾನು ಕೂಡ ಇಲ್ಲ.

ಬಿಲ್ಲೆ ತಣ್ಣಗಾಗುವುದು ಒಂದೇ ಕಾರಣಕ್ಕೆ: ಕತ್ತರಿಸುವ ಮೊದಲು ಮೇಣ ಗಟ್ಟಿಯಾಗಲೆಂದು ಅದನ್ನು ಮಂಜುಗಡ್ಡೆಯ ಮೇಲೆ ಬೋರಲು ಹಾಕುತ್ತಾರೆ. ಅರ್ಧ ಗಂಟೆಗೆ ಆ ತಂಪು ಇಳಿದುಹೋಗುತ್ತದೆ. ಅಂದರೆ, ಇವರೆಲ್ಲ ಇಲ್ಲಿ ಕಾಫಿ ಕುಡಿಯುತ್ತಿದ್ದಾಗ ಯಾರೋ ಕೆಳಗೆ ಇದನ್ನು ಕತ್ತರಿಸಿದ್ದರು.

ಅತ್ತೆ ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದಳು. ನಡುವೆ ಕಡಲೆಕಾಳಿನಷ್ಟು ದಪ್ಪಕ್ಕೆ ಗಡ್ಡೆಯ ಚೂರು ಇರಬೇಕಿತ್ತು. ಬ್ಲೇಡಕ್ಕನ ಹತ್ತು ಹನ್ನೆರಡು ಪದರ, ಅಳಿಯ ಡಾಕ್ಟರ ಮೂರು, ಅಷ್ಟೂ ಸೇರಿದರೂ ಒಂದು ಕೂದಲಿನ ದಪ್ಪ. ಈಗ ಅಲ್ಲಿ ಮೇಣದ ಮೂಲಕ ಆಚೆಯ ಬೆಳಕೇ ಕಾಣುತ್ತಿತ್ತು. ದಪ್ಪದಪ್ಪ ಸಿಪ್ಪೆಯಾಗಿ ಹೆರೆದರೆ ಹತ್ತು ನಿಮಿಷದ ಕೆಲಸ. ಮೊಟ್ಟೆಯೊಳಗಿನ ಪೊರೆಯಂಥ ಒಂದು ಮಸುಕು ಮಾತ್ರ ಉಳಿದಿತ್ತು.

ಅಳಿಯ ಡಾಕ್ಟರು ತಾನಲ್ಲ ಎಂದು ಹೇಳಲು ಬಾಯಿ ತೆರೆದರು. ಅತ್ತೆ ಕೈಯಲ್ಲೇ ಸುಮ್ಮನಿರಲು ಸನ್ನೆ ಮಾಡಿದಳು. ಅವರು ಒಂದು ಗಂಟೆ ಹೊತ್ತಿನಿಂದ ಅವಳೆದುರೇ ಇದ್ದರು. ದೊಡ್ಡ ಡಾಕ್ಟರು ಫೋನು ಹಿಡಿದು ಎರಡು ಸಲ ಹೊರಗೆ ಹೋಗಿದ್ದರು. ದಾಸ್ತಾನಿನವರು ಮೂರೂಕಾಲಿನ ಹೊತ್ತಿಗೆ ಹತ್ತಿಪ್ಪತ್ತು ನಿಮಿಷ ಹೊರಗೆ ಹೋಗುವುದು ದಿನದ ವಾಡಿಕೆಯಂತೆ. ಬೀಗ ಹಾಕುವ ರೂಢಿ ಇಲ್ಲವಂತೆ. ಗಡ್ಡೆಯನ್ನು ಯಾರು ಕದಿಯುತ್ತಾರಮ್ಮ ಎಂದು ಆ ಮನುಷ್ಯ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

“ಇದರಲ್ಲಿ ಇನ್ನೊಂದು ಪದರ ಬರ್ತದಾ?” ಅತ್ತೆ ಬಿಲ್ಲೆಯನ್ನು ಬ್ಲೇಡಕ್ಕನ ಮುಂದೆ ಹಿಡಿದಳು.

ಬ್ಲೇಡಕ್ಕ ಬಾಗಿ ನೋಡಿದಳು. ಬೆರಳಿನಲ್ಲಿ ಮುಟ್ಟಲಿಲ್ಲ; ಕಣ್ಣಿನಲ್ಲೇ ಅಳೆದಳು.

“ಒಂದು ಬರಬಹುದು. ಕೈ ನಡುಗದಿದ್ರೆ.”

“ನಿಮ್ಮ ಕೈ ನಡುಗಲ್ಲ.”

“ನಡುಗಲ್ಲ,” ಎಂದಳು. ಹಾಗೆನ್ನುತ್ತ ಇನ್ನಷ್ಟು ಬಾಗಿದಳು. ಬಿಲ್ಲೆಯ ಮುಖವನ್ನು ಓರೆಗೆ ತಿರುಗಿಸಲು ಅತ್ತೆಗೆ ಹೇಳಿದಳು.

ಅವಳು ಕಂಡದ್ದನ್ನು ಅತ್ತೆಯೂ ಕಂಡಳು. ಉಳಿದಿದ್ದ ಆ ಮಸುಕಿನ ಮೇಲೆ ಯಾರೋ ಕರಗಿದ ಮೇಣವನ್ನು ಹೆಬ್ಬೆರಳಿನಿಂದ ತೆಳ್ಳಗೆ ಸವರಿದ್ದರು. ಗಾಳಿ ತಾಗಿ ಪ್ರೋಟೀನು ಬಾಡದಿರಲಿ ಎಂದು. ಬೆಳಿಗ್ಗೆ ಅತ್ತೆ ಬ್ಲೇಡಕ್ಕನ ನೂರಾರು ಬಿಲ್ಲೆಗಳನ್ನು ತಿರುವಿಹಾಕಿದ್ದಳು. ಪ್ರತಿಯೊಂದರ ಮುಖಕ್ಕೂ ಹೀಗೇ, ಎಡದಿಂದ ಬಲಕ್ಕೆ, ಒಂದೇ ಎಳೆತದಲ್ಲಿ ಮೇಣ ಸವರಿತ್ತು. ಆ ಕಟ್ಟಡದಲ್ಲಿ ಬೇರೆ ಯಾರ ಬಿಲ್ಲೆಗೂ ಆ ಉಪಚಾರ ಇರಲಿಲ್ಲ.

ಗಡ್ಡೆಯನ್ನು ಹೆರೆದು ಹಾಳುಮಾಡಿದ ಕೈಯೇ, ಉಳಿದ ಒಂದು ಎಳೆಯನ್ನು ಮಗುವಿಗೆ ಹೊದಿಸಿದಂತೆ ಹೊದಿಸಿಟ್ಟಿತ್ತು. ಮತ್ತು ಆ ಹೊದಿಸುವುದನ್ನು ಈ ಹೆಂಗಸಿನಿಂದ ಕಲಿತಿತ್ತು.

“ಇದು ನಿಮ್ಮ ಕೈಯಲ್ಲ. ನೀವು ಒಂಬತ್ತರಿಂದ ನನ್ನೆದುರೇ ಇದ್ದೀರಿ,” ಅತ್ತೆ ಮೆಲ್ಲಗೆ ಅಂದಳು. “ಯಾರಿಗೆ ಕಲಿಸಿದ್ರಿ?”

ಬ್ಲೇಡಕ್ಕ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಮುಖದಲ್ಲಿ ಈಗಷ್ಟೇ ಬಂದಿದ್ದ ಗೆಲುವು ಇಳಿದುಹೋಗಿತ್ತು. ಅಲ್ಲಿ ಭಯವಿರಲಿಲ್ಲ. ಅತ್ತೆಗೆ ಅದೇ ವಿಚಿತ್ರವಾಗಿ ಕಂಡಿತು. ಅಲ್ಲಿದ್ದದ್ದು ಮಮತೆ.

ಕೈಗಳನ್ನು ಮಡಿಲಿಗೆ ಹಾಕಿಕೊಂಡು, ಒಂದರೊಳಗೊಂದು ಹೆಣೆದು, ಬಿಡಿಸಲಿಲ್ಲ.

“ನಾಳೆ ಒಂಬತ್ತಕ್ಕೆ ನನ್ನಣ್ಣನ ಹೆಸರು ಪಟ್ಟಿಯಲ್ಲಿರಬೇಕು,” ಅಂದಳು. “ಈ ಕೊನೇ ಪದರ ನಾನು ತೆಗೀತೀನಿ. ನಾನಲ್ಲದೆ ಯಾರ ಕೈಲೂ ಆಗಲ್ಲ, ನಿಮಗೆ ಗೊತ್ತು. ಆದರೆ ಮೊದಲು ನೀವೊಂದು ಮಾತು ಕೊಡಬೇಕು.”

“ಏನು?”

“ಇದನ್ನ ಯಾರು ಮಾಡಿದ್ರು ಅಂತ ಹುಡುಕಬಾರದು. ಇವತ್ತೂ ಹುಡುಕಬಾರದು, ಮುಂದೂ ಹುಡುಕಬಾರದು.”

ಯಜಮಾನರು ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದವರು ಅಲ್ಲಿಗೇ ನಿಂತು ಹೆಂಡತಿಯ ಮುಖ ನೋಡಿದರು. ಹುಡುಕಬೇಡ ಎಂದು ಯಾರಾದರೂ ಅವಳಿಗೆ ಹೇಳಿದ್ದು ಅವರ ನೆನಪಿನಲ್ಲಿ ಇದೇ ಮೊದಲು. ಅವಳು ತಕ್ಷಣ ಆಗುವುದಿಲ್ಲ ಎನ್ನದೆ ಇದ್ದದ್ದೂ ಇದೇ ಮೊದಲು.

ಅತ್ತೆಯ ಅಂಗೈಯಲ್ಲಿ ಮೇಣ ಬೆಚ್ಚಗಾಗತೊಡಗಿತ್ತು.